170 ಗುಂಟೆ, ಮೂರು ಪಾಲು, ಉಳಿದ ಎರಡು ಆಣೆ

ನಾಲ್ಕು ಎಕರೆ ಹತ್ತು ಗುಂಟೆ ಜಮೀನು. ಮೂರು ಜನ ಅಣ್ಣತಮ್ಮಂದಿರು. ಸಮ ಪಾಲು. ಕೇಳೋಕೆ ಎಷ್ಟು ಸಲೀಸು, ಅಲ್ವಾ?

ಲೆಕ್ಕ ಮಾಡಿ ನೋಡೋಣ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 170 ಗುಂಟೆ. ಮೂರರಿಂದ ಭಾಗಿಸಿದರೆ ತಲಾ 56 ಗುಂಟೆ, ಮೇಲೆ ಎರಡು ಗುಂಟೆ ಉಳಿಯಿತು. ಗುಂಟೆಗೆ 16 ಆಣೆ, ಅಂದರೆ ಉಳಿದಿದ್ದು 32 ಆಣೆ. ಮತ್ತೆ ಮೂರರಿಂದ ಭಾಗಿಸಿ. ತಲಾ 10 ಆಣೆ, ಮೇಲೆ ಎರಡು ಆಣೆ ಉಳಿಯಿತು. ಅದರ ಕೆಳಗೆ ಸಾಮಾನ್ಯವಾಗಿ ಯಾರೂ ಇಳಿಯುವುದಿಲ್ಲ.

ಈಗ ಪಾಲು ಪತ್ರ ಬರೆಯುವವರು ಏನು ಮಾಡಬೇಕು? ಒಬ್ಬರು ಮೂವರಿಗೂ 1 ಎಕರೆ 16 ಗುಂಟೆ 10 ಆಣೆ ಅಂತ ಬರೆದರು. ಕೂಡಿದರೆ 4 ಎಕರೆ 9 ಗುಂಟೆ 14 ಆಣೆ. ಎರಡು ಆಣೆಗೆ ಯಜಮಾನನೇ ಇಲ್ಲ. ಇನ್ನೊಬ್ಬರು ಮೂವರಿಗೂ 11 ಆಣೆ ಹಾಕಿದರು. ಈಗ ಒಂದು ಆಣೆ ಜಾಸ್ತಿ. ಮತ್ತೊಬ್ಬರಿಗೆ ಆಣೆಯ ಸಹವಾಸವೇ ಬೇಡ. ಸುಮ್ನೆ ತಲಾ 1 ಎಕರೆ 17 ಗುಂಟೆ ಅಂತ ಬರೆದು ಮುಗಿಸಿದರು. ಮೊತ್ತ 4 ಎಕರೆ 11 ಗುಂಟೆ ಆಯಿತು. ಎಲ್ಲಿಂದಲೋ ಒಂದು ಗುಂಟೆ ಹುಟ್ಟಿಕೊಂಡಿತು. ಒಂದು ಗುಂಟೆ ಅಂದರೆ 1,089 ಚದರ ಅಡಿ. 30-40 ಸೈಟಿಗೆ ನೂರ ಹನ್ನೊಂದು ಚದರ ಅಡಿ ಕಡಿಮೆ, ಅಷ್ಟೇ.

ಇಲ್ಲಿ ಯಾರೂ ಕದ್ದಿಲ್ಲ. ಯಾರೂ ತಪ್ಪು ಅಳೆದಿಲ್ಲ. ಅಂಕಿಯನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ನಿಲ್ಲಿಸಿದಾಗ ಚೂರು ಉಳಿಯುತ್ತದೆ ಇಲ್ಲವೇ ಚೂರು ಸಾಲದೆ ಬರುತ್ತದೆ. ಆ ಚೂರು ಎಲ್ಲಿಂದ ಬರುತ್ತದೆ, ಎಷ್ಟಿದ್ದರೆ ಸಹಜ, ಎಷ್ಟಾದರೆ ಎದ್ದು ಕೇಳಬೇಕು ಅನ್ನುವುದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಮಾತು ಬಿಟ್ಟಿದ್ದಾರೆ. ಗೊತ್ತು ಮಾಡಿಕೊಳ್ಳುವುದು ಕಷ್ಟವೇನಲ್ಲ. ಕೂಡುವುದು, ಗುಣಿಸುವುದು ಬಂದರೆ ಸಾಕು.

ಗುಂಟೆಯೊಳಗಿನ ಹದಿನಾರು

ರೂಪಾಯಿಯ ಆಣೆ 1957ರ ಏಪ್ರಿಲ್‌ನಲ್ಲಿ ಹೋಯಿತು. ನೆಲದ ಆಣೆ ಇನ್ನೂ ಉಳಿದಿದೆ. ಅದಕ್ಕೆ ಕಾರಣ ಸರಪಳಿ.

ಮುಂಬಯಿ ಪ್ರಾಂತ್ಯದ ಕಂದಾಯ ಸರ್ವೆಯಲ್ಲಿ ಬಳಸಿದ ಸರಪಳಿಯ ಉದ್ದ 33 ಅಡಿ. ಅದನ್ನು 16 ಭಾಗ ಮಾಡಿ ಒಂದೊಂದಕ್ಕೂ ಆಣೆ ಅಂದರು. ಹಳೇ ಮೈಸೂರಿನಲ್ಲೂ ಇದೇ ಲೆಕ್ಕ ಬಂತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಒಂದು ಸರಪಳಿ ಉದ್ದ, ಒಂದು ಆಣೆ ಅಗಲ ಇದ್ದರೆ ಒಂದು ಆಣೆ ನೆಲ. ಅಂದರೆ ಆಣೆ ಅನ್ನುವುದು ಉದ್ದಕ್ಕೂ ಹೆಸರು, ವಿಸ್ತೀರ್ಣಕ್ಕೂ ಹೆಸರು. ಉದ್ದದ ಆಣೆ 24.75 ಇಂಚು, ಎರಡು ಅಡಿಗಿಂತ ಮುಕ್ಕಾಲು ಇಂಚು ಜಾಸ್ತಿ. ವಿಸ್ತೀರ್ಣದ ಆಣೆ 68 ಚದರ ಅಡಿಗೆ ಕೂದಲಷ್ಟು ಹೆಚ್ಚು. ಎಂಟೂಕಾಲು ಅಡಿ ಉದ್ದ, ಎಂಟೂಕಾಲು ಅಡಿ ಅಗಲದ ಒಂದು ಚೌಕ ಅಂದುಕೊಳ್ಳಿ. ಒಂದು ಮಂಚ ಹಾಕಿ, ಪಕ್ಕದಲ್ಲಿ ಓಡಾಡುವಷ್ಟು ಜಾಗ.

ಮಂಗಳೂರು, ಉಡುಪಿ, ಕೊಡಗಿನ ಕಡೆಯವರಿಗೆ ಇದು ಹೊಸದು ಅನ್ನಿಸಬಹುದು. ಅಲ್ಲಿ ಎಕರೆಗೆ 100 ಸೆಂಟ್ಸ್. ಮದ್ರಾಸ್ ಪ್ರಾಂತ್ಯದಲ್ಲಿದ್ದ ಕರಾವಳಿಗೆ ಬಂದಿದ್ದು 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ರೂಪಿಸಿದ 66 ಅಡಿಯ ಸರಪಳಿ. ಅದಕ್ಕೆ 100 ಕೊಂಡಿ. ಎರಡೂವರೆ ಸೆಂಟ್ಸ್ ಸೇರಿದರೆ ಒಂದು ಗುಂಟೆ. ಒಂದು ಸೆಂಟ್ಸ್‌ಗೆ 6.4 ಆಣೆ. ಈ 6.4 ನೋಡಿದ ಕೂಡಲೇ ಗೊತ್ತಾಗುತ್ತದೆ, ಸೆಂಟ್ಸನ್ನು ಆಣೆಗೆ ತಿರುಗಿಸಿದರೆ ಚೂರು ಉಳಿಯದೆ ಇರೋದಿಲ್ಲ.

ಹದಿನಾರರ ಸೊಗಸು ಇರುವುದು ಅರ್ಧ ಮಾಡುವುದರಲ್ಲಿ. ಎಂಟು, ನಾಲ್ಕು, ಎರಡು, ಒಂದು. ಎಕರೆಗೆ ಒಟ್ಟು 640 ಆಣೆ. ಇಬ್ಬರು, ನಾಲ್ವರು, ಐವರು, ಎಂಟು ಜನ ಯಾರಾದರೂ ಬರಲಿ, ಒಂದು ಎಕರೆ ಚೊಕ್ಕವಾಗಿ ಹಂಚಿಹೋಗುತ್ತದೆ. ಮೂವರು, ಆರು ಜನ, ಏಳು ಜನ ಬಂದರೆ ತಕರಾರು. ಮನೆಯಲ್ಲಿ ಮೂರು ಮಕ್ಕಳಿದ್ದರೆ ಅದು ಯಾರ ತಪ್ಪೂ ಅಲ್ಲ.

ಸರಪಳಿಗೆ ಕಾಣುತ್ತಿದ್ದದ್ದು ಎಷ್ಟು

ಹಳೇ ಟಿಪ್ಪಣಿ, ಅಂದರೆ ಸರ್ವೆಯವರು ಹೊಲ ಅಳೆದು ಬರೆದಿಟ್ಟ ಅಳತೆ ನಕ್ಷೆ, ಕೈಯಲ್ಲಿ ಹಿಡಿದವರಿಗೆ ಗೊತ್ತು. ಹೊಲದ ಮಧ್ಯೆ ಒಂದು ನೇರ ಗೆರೆ, ಅದರಿಂದ ಎಡಕ್ಕೂ ಬಲಕ್ಕೂ ಮೂಲೆಗಳವರೆಗೆ ಅಡ್ಡ ಅಳತೆಗಳು. ಪಕ್ಕದಲ್ಲಿ ಸರಪಳಿ-ಆಣೆಯಲ್ಲಿ ಅಂಕಿ. ಹೊಲ ತ್ರಿಕೋನ, ಚತುಷ್ಕೋನಗಳಾಗಿ ಒಡೆಯುತ್ತದೆ. ಒಂದೊಂದರ ವಿಸ್ತೀರ್ಣ ತೆಗೆದು ಕೂಡಿದರೆ ಸರ್ವೆ ನಂಬರಿನ ವಿಸ್ತೀರ್ಣ.

ಒಂದು ತುಂಡನ್ನು ನಾವೇ ಲೆಕ್ಕ ಮಾಡೋಣ. ನೇರ ಗೆರೆ 7 ಸರಪಳಿ 5 ಆಣೆ. ಒಂದು ತುದಿಯಲ್ಲಿ ಅಡ್ಡ ಅಳತೆ 4 ಸರಪಳಿ 3 ಆಣೆ, ಇನ್ನೊಂದು ತುದಿಯಲ್ಲಿ 5 ಸರಪಳಿ 10 ಆಣೆ. ಎಲ್ಲವನ್ನೂ ಆಣೆ ಮಾಡಿಕೊಳ್ಳಿ: 117, 67, 90. ಎರಡು ಅಡ್ಡ ಅಳತೆಗಳ ಸರಾಸರಿ 78.5. ಅದನ್ನು 117ರಿಂದ ಗುಣಿಸಿ, 16ರಿಂದ ಭಾಗಿಸಿದರೆ 574.03 ಆಣೆ ನೆಲ. ಅಂದರೆ 35 ಗುಂಟೆ 14 ಆಣೆ. ಬಂತಲ್ಲ ಉತ್ತರ.

ಈಗ ಒಂದು ತಲೆಹರಟೆ ಪ್ರಶ್ನೆ. ಆ 67 ಆಣೆ ನಿಜಕ್ಕೂ 67 ಆಣೆಯೇ? ಸರಪಳಿ ಎಳೆದವರು ಆಣೆಗೆ ನಿಲ್ಲಿಸಿದ್ದರೆ ಅದು 66.5 ಇರಬಹುದು, 67.4 ಇರಬಹುದು. ಎರಡನ್ನೂ 67 ಅಂತಲೇ ಬರೆಯುತ್ತಾರೆ. ಅರ್ಧ ಆಣೆ ಅಂದರೆ ಹೆಚ್ಚುಕಡಿಮೆ ಒಂದು ಅಡಿ. ಅಡ್ಡ ಅಳತೆಗಳು ಎರಡೂ ಅರ್ಧ ಆಣೆ ಹೆಚ್ಚೇ ಇದ್ದವು ಅಂದುಕೊಳ್ಳಿ. ಅದರಿಂದಲೇ ಮೂರೂವರೆ ಆಣೆಗೂ ಮೇಲೆ ವ್ಯತ್ಯಾಸ. ಉದ್ದದ ಗೆರೆಯೂ ಅರ್ಧ ಆಣೆ ಹೆಚ್ಚಿದ್ದರೆ ಇನ್ನೂ ಎರಡೂವರೆ ಆಣೆ. ಒಟ್ಟು ಆರು ಆಣೆಯವರೆಗೆ ಹೋಗುತ್ತದೆ.

ಅಂದರೆ ಟಿಪ್ಪಣಿ ಹೇಳುತ್ತಿರುವುದು 35 ಗುಂಟೆ 14 ಆಣೆ ಅಂತಲ್ಲ. 35 ಗುಂಟೆ 8 ಆಣೆಯಿಂದ 36 ಗುಂಟೆ 4 ಆಣೆಯೊಳಗೆ ಎಲ್ಲೋ ಒಂದು ಕಡೆ ಅಂತ. ಪ್ರತಿ ಅಂಕಿಗೂ ಬದುವಿನ ಹಾಗೆ ಒಂದು ಅಗಲ ಇರುತ್ತದೆ. ಕಾಗದದ ಮೇಲೆ ಅದು ಕಾಣುವುದಿಲ್ಲ.

ಈಗ ಅದೇ ಹೊಲಕ್ಕೆ ಟೋಟಲ್ ಸ್ಟೇಷನ್ ಅನ್ನುವ ಎಲೆಕ್ಟ್ರಾನಿಕ್ ಅಳತೆ ಯಂತ್ರ ತಂದು ಅಳೆದರು. 35 ಗುಂಟೆ 10 ಆಣೆ ಬಂತು. "ನಾಲ್ಕು ಆಣೆ ಎಲ್ಲಿ ಹೋಯಿತು ಸ್ವಾಮೀ?" ಅಂತ ರೈತ ಕೇಳುತ್ತಾನೆ. ಎಲ್ಲೂ ಹೋಗಿಲ್ಲ. ಹಳೇ ಅಳತೆಗೂ ಹೊಸ ಅಳತೆಗೂ ಇಲ್ಲಿ ಜಗಳವೇ ಇಲ್ಲ. ಹಳೆಯದರ ಅಗಲದೊಳಗೇ ಹೊಸದು ಕೂತಿದೆ.

ಹೊಸ ಯಂತ್ರ ಮಿಲಿಮೀಟರ್‌ವರೆಗೆ ಅಂಕಿ ತೋರಿಸುತ್ತದೆ ನಿಜ. ಆದರೆ ಗಡಿಯೇ ಎರಡು ಅಡಿ ಅಗಲದ ಬದು ಆಗಿರುವಾಗ ಮಿಲಿಮೀಟರ್ ಇಟ್ಟುಕೊಂಡು ಏನು ಮಾಡೋದು? ಬದುವಿನ ನಡುವೆ ಕೋಲು ಹಿಡಿದರೆ ಒಂದು ಉತ್ತರ, ಅಂಚಿಗೆ ಹಿಡಿದರೆ ಇನ್ನೊಂದು. ನೂರು ಮೀಟರ್ ಉದ್ದದ ಬದುವಿನಲ್ಲಿ ಒಂದು ಅಡಿ ಈಚೆ ಹಿಡಿದರೆ ಸುಮಾರು 30 ಚದರ ಮೀಟರ್ ವ್ಯತ್ಯಾಸ, ಐದು ಆಣೆಗೆ ಹತ್ತಿರ. ಬಾಂದು ಕಲ್ಲು ಸಿಕ್ಕರೆ ಪುಣ್ಯ. ಎಷ್ಟೋ ಕಡೆ ಅದು ಟ್ರ್ಯಾಕ್ಟರ್‌ಗೆ ಸಿಕ್ಕಿ ಬದುವಿನ ಪಕ್ಕ ಮಲಗಿರುತ್ತದೆ.

2.20 ಅಂದರೆ ಎಷ್ಟು?

ನನ್ನ ಮಟ್ಟಿಗೆ ಜನರ ನೆಲ ಕಾಗದದ ಮೇಲೆ ಕರಗುವುದು ಇಲ್ಲೇ ಜಾಸ್ತಿ. ಸರಪಳಿಯಿಂದಲ್ಲ, ಒಂದು ಚುಕ್ಕಿಯಿಂದ.

ಪಹಣಿಯಲ್ಲಿ 2.20 ಅಂತ ಇದ್ದರೆ ಅದು 2 ಎಕರೆ 20 ಗುಂಟೆ. ಅಂದರೆ ಎರಡೂವರೆ ಎಕರೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಎಕರೆಗೂ ಗುಂಟೆಗೂ ನಡುವಿನ ಗೋಡೆ ಅಷ್ಟೇ. ಇದನ್ನು ಎಕ್ಸೆಲ್‌ನಲ್ಲಿ ಹಾಕಿದಿರಿ ಅಂದುಕೊಳ್ಳಿ. ಅದು ಕೊನೆಯ ಸೊನ್ನೆಯನ್ನು ನುಂಗಿ 2.2 ಮಾಡುತ್ತದೆ. ಮುಂದೆ ಅದನ್ನು ಓದಿದವರು "ಎರಡು ಎಕರೆ ಎರಡು ಗುಂಟೆ" ಅಂದರು. ಹದಿನೆಂಟು ಗುಂಟೆ ಮಾಯ. ಇನ್ನೊಬ್ಬರು ಶಾಲೆಯ ಲೆಕ್ಕದ ಹಾಗೆ ಓದಿ ಎರಡು ಎಕರೆಯ ಮೇಲೆ ಹತ್ತನೇ ಎರಡು ಎಕರೆ, ಅಂದರೆ 2 ಎಕರೆ 8 ಗುಂಟೆ ಅಂದರು. ಒಂದೇ ಅಂಕಿ, ಮೂರು ಜಮೀನು.

ಕೂಡುವಾಗಲೂ ಇದೇ ಪಾಡು. 1.30 ಮತ್ತು 2.25 ಕೂಡಿದರೆ ಯಂತ್ರ 3.55 ಅನ್ನುತ್ತದೆ. ನಿಜಕ್ಕೆ 30 ಗುಂಟೆ, 25 ಗುಂಟೆ ಸೇರಿ 55 ಗುಂಟೆ, ಅದರಲ್ಲಿ 40 ತೆಗೆದರೆ ಒಂದು ಎಕರೆ. ಉತ್ತರ 4 ಎಕರೆ 15 ಗುಂಟೆ. 3.55 ಬಂದಾಗ ಗುಂಟೆಯ ಜಾಗದಲ್ಲಿ 40 ದಾಟಿದ್ದು ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳಬಹುದು. ಆದರೆ 1.30 ಮತ್ತು 2.75 ಅಂತ ಯಾರಾದರೂ ದಶಮಾಂಶದ ಅಂಕಿಯನ್ನು ಬೆರೆಸಿಬಿಟ್ಟರೆ? ಮೊತ್ತ 4.05. ನೋಡಲು ಏನೂ ಐಬಿಲ್ಲ, ಒಳಗೆ ಪೂರ್ತಿ ತಪ್ಪು.

ಮದ್ದು ತುಂಬಾ ಸರಳ. ಎಲ್ಲವನ್ನೂ ಆಣೆ ಮಾಡಿಕೊಳ್ಳಿ. ಎಕರೆಯನ್ನು 640ರಿಂದ, ಗುಂಟೆಯನ್ನು 16ರಿಂದ ಗುಣಿಸಿ, ಆಣೆ ಸೇರಿಸಿ. ಈಗ ನಿಮ್ಮ ಕೈಯಲ್ಲಿರುವುದು ಚುಕ್ಕಿ ಇಲ್ಲದ ಇಡೀ ಸಂಖ್ಯೆ. ಕೂಡುವುದು, ಕಳೆಯುವುದು ಎಲ್ಲಾ ಅದರಲ್ಲೇ. ಕೊನೆಯಲ್ಲಿ ಒಂದೇ ಸಲ ಎಕರೆ-ಗುಂಟೆಗೆ ತಿರುಗಿಸಿ. ಎಕ್ಸೆಲ್‌ನಲ್ಲೂ ಎಕರೆಗೆ ಒಂದು, ಗುಂಟೆಗೆ ಒಂದು, ಆಣೆಗೆ ಒಂದು ಅಂತ ಮೂರು ಬೇರೆ ಕಾಲಂ ಮಾಡಿ.

ಎಕ್ಸೆಲ್ ಮಾತು ಬಂತು ಅಂತ ಇನ್ನೊಂದು. ಮೂರು ಸಾಲಿನಲ್ಲಿ 56.67, 56.67, 56.67 ಕಾಣುತ್ತದೆ, ಕೆಳಗೆ ಮೊತ್ತ 170.00. ಕೈಯಲ್ಲಿ ಕೂಡಿದರೆ 170.01. ಯಂತ್ರಕ್ಕೆ ಕೂಡುವುದು ಬರುವುದಿಲ್ಲವೇ? ಬರುತ್ತದೆ. ಅದು ಒಳಗೆ 56.6666 ಅಂತ ಉದ್ದಕ್ಕೂ ಇಟ್ಟುಕೊಂಡು ಅದನ್ನೇ ಕೂಡಿದೆ. ನಮಗೆ ತೋರಿಸುವಾಗ ಮಾತ್ರ ಎರಡು ಅಂಕಿಗೆ ಕತ್ತರಿಸಿದೆ. ಪ್ರಿಂಟ್ ತೆಗೆದು ಕಚೇರಿಗೆ ಕೊಟ್ಟ ಮೇಲೆ ಒಳಗಿನದ್ದು ಯಾರಿಗೂ ಕಾಣುವುದಿಲ್ಲ.

ಅಡಿಯಿಂದ ಮೀಟರಿಗೆ

30-40 ಸೈಟು. 1,200 ಚದರ ಅಡಿ. ಕ್ರಯಪತ್ರದಲ್ಲಿ ಮೀಟರಿನಲ್ಲೂ ಬರೆಯಬೇಕು. ಅಡಿಗೆ ಸರಿಯಾಗಿ 0.3048 ಮೀಟರ್. ಹಾಗಾಗಿ 9.144 ಮೀಟರ್, 12.192 ಮೀಟರ್. ಗುಣಿಸಿದರೆ 111.48 ಚದರ ಮೀಟರ್.

ಆದರೆ ಪತ್ರದಲ್ಲಿ ಬದಿಗಳನ್ನು 9.14, 12.19 ಅಂತ ಬರೆದು, ಆಮೇಲೆ ಆ ಮೊಟಕು ಅಂಕಿಗಳನ್ನೇ ಗುಣಿಸಿದರೆ 111.42 ಬರುತ್ತದೆ. ಬ್ಯಾಂಕಿನವರು ಅದನ್ನು ವಾಪಸ್ ಅಡಿಗೆ ತಿರುಗಿಸಿದರೆ 1,199.3 ಚದರ ಅಡಿ. "ಸಾರ್, ಮುಕ್ಕಾಲು ಅಡಿ ಕಮ್ಮಿ ಇದೆ." ಇನ್ನೂ ಒಬ್ಬರು ಧಾರಾಳವಾಗಿ 9.1, 12.2 ಅಂತ ಬರೆದಿದ್ದರೆ 1,195 ಚದರ ಅಡಿ. ಸೈಟು ಒಂದು ಇಂಚೂ ಕದಲಿಲ್ಲ.

ಇಲ್ಲಿ ಎರಡು ಪಾಠ ಇವೆ. ಬದಿಯಲ್ಲಿ ಮಾಡಿದ ಸಣ್ಣ ಕಡಿತ ಇನ್ನೊಂದು ಬದಿಯ ಉದ್ದದಿಂದ ಗುಣಿಸಿಕೊಂಡು ದೊಡ್ಡದಾಗುತ್ತದೆ. ಸೈಟಿನಲ್ಲಿ ಅದು ಮುಕ್ಕಾಲು ಚದರ ಅಡಿ, ಇನ್ನೂರು ಮೀಟರ್ ಉದ್ದದ ಹೊಲದಲ್ಲಿ ಹಾಗಲ್ಲ. ಇನ್ನೊಂದು, ಕತ್ತರಿಸಿದ ಅಂಕಿಯಿಂದ ಮುಂದಿನ ಲೆಕ್ಕ ಶುರು ಮಾಡಬಾರದು. ಮೂಲ ಅಳತೆ ಅಡಿಯಲ್ಲಿದ್ದರೆ ವಿಸ್ತೀರ್ಣವನ್ನು ಅಡಿಯಲ್ಲೇ ತೆಗೆದು, ಆ ವಿಸ್ತೀರ್ಣವನ್ನು ಒಂದೇ ಸಲ ಮೀಟರಿಗೆ ತಿರುಗಿಸಿ.

ಹೆಕ್ಟೇರಿನ ಕಥೆ ಇನ್ನೂ ಮಜಾ. "ಒಂದು ಹೆಕ್ಟೇರ್ ಅಂದರೆ ಎರಡೂವರೆ ಎಕರೆ" ಅಂತ ಎಲ್ಲರೂ ಹೇಳುತ್ತಾರೆ. ಕಟ್ಟೆ ಮೇಲೆ ಕೂತು ಮಾತಾಡೋಕೆ ಸಾಕು. ಸರಿಯಾಗಿ ನೋಡಿದರೆ 2.471 ಎಕರೆ, ಅಂದರೆ 98.84 ಗುಂಟೆ. ಹತ್ತು ಹೆಕ್ಟೇರನ್ನು ಬಾಯಿಲೆಕ್ಕದಲ್ಲಿ 25 ಎಕರೆ ಅಂದರೆ ಹನ್ನೊಂದೂವರೆ ಗುಂಟೆಗೂ ಹೆಚ್ಚು ನೆಲ ಗಾಳಿಯಲ್ಲಿ ಹುಟ್ಟಿತು. ಒಂದು ಆರ್ ಅಂದರೆ ಒಂದು ಗುಂಟೆ ಅನ್ನುವವರೂ ಮಾಡುವುದು ಇದೇ ತಪ್ಪನ್ನು. ಆರ್ ನೂರು ಚದರ ಮೀಟರ್, ಗುಂಟೆ 101.17.

ಎಷ್ಟು ವ್ಯತ್ಯಾಸ ಸಹಜ?

ಇದು ಎಲ್ಲರಿಗೂ ಬೇಕಾದ ಉತ್ತರ. ಒಂದು ಸರ್ವೆ ನಂಬರಿನಲ್ಲಿ ಎಂಟು ಹಿಸ್ಸಾ, ಅಂದರೆ ಎಂಟು ಪಾಲು ಇವೆ. ಎಲ್ಲರ ಪಹಣಿ ಕೂಡಿದರೆ ಆಕಾರಬಂದಿನ (ಸರ್ವೆ ನಂಬರಿನ ಮೂಲ ವಿಸ್ತೀರ್ಣ ಬರೆದಿಟ್ಟ ಸರ್ವೆ ದಾಖಲೆ) ವಿಸ್ತೀರ್ಣಕ್ಕೆ ತಾಳೆ ಆಗುತ್ತಿಲ್ಲ. ಇದು ರೌಂಡ್ ಮಾಡಿದ್ದರಿಂದ ಬಂದದ್ದೋ, ಬೇರೆ ಏನೋ ಇದೆಯೋ?

ಒಂದೊಂದು ಹಿಸ್ಸಾವನ್ನೂ ಹತ್ತಿರದ ಗುಂಟೆಗೆ ತಂದಿದ್ದರೆ, ಒಂದೊಂದರಲ್ಲಿ ಹೆಚ್ಚೆಂದರೆ ಅರ್ಧ ಗುಂಟೆ ತಪ್ಪು ಬರಬಹುದು. ಎಂಟಕ್ಕೂ ಒಂದೇ ದಿಕ್ಕಿನಲ್ಲಿ ಬಂದರೂ ನಾಲ್ಕು ಗುಂಟೆ ದಾಟುವುದಿಲ್ಲ. ಅದು ಮೇಲಿನ ಮಿತಿ. ಆದರೆ ಎಂಟೂ ಒಂದೇ ಕಡೆ ವಾಲುವುದು ಎಂಟು ಸಲ ನಾಣ್ಯ ಚಿಮ್ಮಿ ಎಂಟು ಸಲವೂ ರಾಜನೇ ಬಿದ್ದ ಹಾಗೆ. ಸಾಮಾನ್ಯವಾಗಿ ಒಂದಷ್ಟು ಮೇಲಕ್ಕೆ, ಒಂದಷ್ಟು ಕೆಳಕ್ಕೆ ಹೋಗಿ ಒಂದನ್ನೊಂದು ತಿಂದುಹಾಕುತ್ತವೆ. ಎಂಟು ಪಾಲಿಗೆ ಒಂದು ಗುಂಟೆಯ ಆಸುಪಾಸು ಉಳಿಯುವುದು ಮಾಮೂಲು. ಎರಡಾದರೆ ಒಮ್ಮೆ ತಿರುಗಿ ನೋಡಿ. ಮೂರಾದರೆ ನಾನಂತೂ ಹಳೇ ಕಾಗದ ಕೇಳುತ್ತೇನೆ. ನಾಲ್ಕು ದಾಟಿತು ಅಂದರೆ ಅದು ರೌಂಡಿಂಗ್ ಆಗಿರಲು ಸಾಧ್ಯವೇ ಇಲ್ಲ, ಯಾರು ಎಷ್ಟೇ ಸಮಾಧಾನ ಹೇಳಲಿ.

ಒಂದು ಷರತ್ತು ಇದೆ. ಹತ್ತಿರದ ಗುಂಟೆಗೆ ತರುವುದು ಬೇರೆ, ಚಿಲ್ಲರೆಯನ್ನು ಸುಮ್ಮನೆ ಬಿಟ್ಟುಬಿಡುವುದು ಬೇರೆ. ಬಿಟ್ಟುಬಿಟ್ಟರೆ ಎಲ್ಲವೂ ಒಂದೇ ಕಡೆ, ಕೆಳಕ್ಕೆ ವಾಲುತ್ತವೆ. ಒಂದನ್ನೊಂದು ತಿನ್ನುವುದಿಲ್ಲ, ಕೂಡುತ್ತಾ ಹೋಗುತ್ತವೆ. ಎಂಟು ಪಾಲಿನಲ್ಲಿ ನಾಲ್ಕು ಗುಂಟೆ ಕಾಣೆಯಾಗುವುದು ಆಗ ಮಾಮೂಲಾಗುತ್ತದೆ. ಅದಕ್ಕೇ ಮೊತ್ತ ಯಾವಾಗಲೂ ಕಮ್ಮಿಯೇ ಬರುತ್ತಿದ್ದರೆ, ಬರೆದವರು ಚಿಲ್ಲರೆ ಬಿಡುವ ಪೈಕಿ ಅಂತ ಅರ್ಥ.

ರೌಂಡ್ ಮಾಡಿದ್ದನ್ನೇ ಮತ್ತೆ ರೌಂಡ್ ಮಾಡಿದರೆ ಇನ್ನೊಂದು ಅವಾಂತರ. ನಮ್ಮ 170 ಗುಂಟೆಗೇ ಬನ್ನಿ. ಮೂವರಿಗೆ ತಲಾ 57 ಅಂತ ಬರೆದಾಯಿತು. ಮುಂದಿನ ತಲೆಮಾರಿನಲ್ಲಿ ಒಬ್ಬೊಬ್ಬರಿಗೂ ಇಬ್ಬಿಬ್ಬರು ಮಕ್ಕಳು. 57ರ ಅರ್ಧ 28.5, ಮೇಲಕ್ಕೆ ತಂದರೆ 29. ಆರು ಮೊಮ್ಮಕ್ಕಳ ಪಾಲು ಕೂಡಿದರೆ 174 ಗುಂಟೆ! ತಾತನ ಹತ್ತಿರ ಇದ್ದದ್ದು 170. ಮೂಲದಿಂದಲೇ ಆರಕ್ಕೆ ಭಾಗಿಸಿದ್ದರೆ ತಲಾ 28 ಗುಂಟೆ 5 ಆಣೆ ಚಿಲ್ಲರೆ ಬರುತ್ತಿತ್ತು. ಎರಡನೇ ತಲೆಮಾರಿನ ಭಾಗವನ್ನು ಮೊದಲನೇ ತಲೆಮಾರಿನ ಪಾಲು ಪತ್ರದಿಂದ ಅಲ್ಲ, ಆಕಾರಬಂದಿನಿಂದ ಶುರು ಮಾಡಿ ಅನ್ನುವುದು ಇದಕ್ಕೇ.

ಸುತ್ತಿ ಬಂದರೂ ಸೇರದ ಗೆರೆ

ಸರ್ವೆಯರ್ ಒಂದು ಕಲ್ಲಿನಿಂದ ಹೊರಟು ಹೊಲದ ಸುತ್ತ ಅಳೆದುಕೊಂಡು ಅದೇ ಕಲ್ಲಿಗೆ ವಾಪಸ್ ಬರುತ್ತಾರೆ. ಕಾಲು ಬಂದು ನಿಂತದ್ದು ಅದೇ ಕಲ್ಲಿನ ಹತ್ತಿರ. ಆದರೆ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಆಚೆ ಬಂದು ನಿಂತಿರುತ್ತಾರೆ. ಕೋನವನ್ನು 20 ಸೆಕೆಂಡಿಗೆ (ಇಲ್ಲಿ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ) ಓದುವ ಯಂತ್ರ ಇದ್ದರೆ ನೂರು ಮೀಟರ್ ದೂರದಲ್ಲಿ ಒಂದು ಸೆಂಟಿಮೀಟರಿನಷ್ಟು ಹಾಗೇ ಜಾರುತ್ತದೆ. ಹಾಗಾಗಿ ಸೇರದೇ ಇರುವುದೇ ಸಹಜ. ಪ್ರತಿ ಸಲ ಸೊನ್ನೆಗೆ ಸೇರಿದರೆ ಯಾರೋ ಅಂಕಿ ತಿದ್ದಿದ್ದಾರೆ ಅನ್ನಬೇಕು.

ಆ ನಾಲ್ಕು ಸೆಂಟಿಮೀಟರನ್ನು ಏನು ಮಾಡುವುದು? ಕೊನೆಯ ಗೆರೆಗೆ ಪೂರ್ತಿ ಹೊರಿಸಿದರೆ ಆ ಕಡೆಯ ನೆರೆಯವನಿಗೆ ಅನ್ಯಾಯ. ಅಮೆರಿಕದ ನಥಾನಿಯಲ್ ಬೌಡಿಚ್ ಹೆಸರಿನಲ್ಲಿ ಒಂದು ಪದ್ಧತಿ ಇದೆ, ಇನ್ನೂರು ವರ್ಷದಿಂದ ನಡೆದುಕೊಂಡು ಬಂದಿದೆ. ಉದ್ದದ ಗೆರೆಗೆ ಜಾಸ್ತಿ ಪಾಲು, ಗಿಡ್ಡ ಗೆರೆಗೆ ಕಡಿಮೆ ಪಾಲು. ಬದಿಗಳು 60, 40, 60, 40 ಮೀಟರ್ ಇದ್ದರೆ ಸುತ್ತಳತೆ 200. ನಾಲ್ಕು ಸೆಂಟಿಮೀಟರನ್ನು ಅದೇ ಪ್ರಮಾಣದಲ್ಲಿ 1.2, 0.8, 1.2, 0.8 ಅಂತ ಹಂಚುತ್ತಾರೆ. ಯಾವ ಮೂಲೆಯೂ ದೊಡ್ಡದಾಗಿ ಕದಲುವುದಿಲ್ಲ, ಗೆರೆ ಸೇರುತ್ತದೆ. 200 ಮೀಟರಿಗೆ ನಾಲ್ಕು ಸೆಂಟಿಮೀಟರ್ ಅಂದರೆ ಐದು ಸಾವಿರಕ್ಕೆ ಒಂದು. ಹೊಲಕ್ಕೆ ಇದು ಒಳ್ಳೆಯ ಕೆಲಸವೇ. ನಾಲ್ಕು ಸೆಂಟಿಮೀಟರ್ ಬದಲು ನಾಲ್ಕು ಮೀಟರ್ ಬಂದಿದ್ದರೆ ಹಂಚಬಾರದು, ಮತ್ತೆ ಅಳೆಯಬೇಕು. ತಪ್ಪನ್ನು ಸಮನಾಗಿ ಹಂಚಿದರೆ ಅದು ಸರಿ ಆಗುವುದಿಲ್ಲ.

ಈಗ ಉಪಗ್ರಹದಿಂದ ಬಂದ ಸ್ಥಾನದ ಅಂಕಿಗಳಿಂದಲೇ ವಿಸ್ತೀರ್ಣ ತೆಗೆಯುತ್ತಾರೆ. ಬೆಂಗಳೂರಿನ ಸುತ್ತ ಆ ಅಂಕಿಗಳು ಪೂರ್ವಕ್ಕೆ ಏಳು ಲಕ್ಷ ಚಿಲ್ಲರೆ, ಉತ್ತರಕ್ಕೆ ಹದಿನಾಲ್ಕು ಲಕ್ಷ ಚಿಲ್ಲರೆ ಮೀಟರ್ ಇರುತ್ತವೆ. ಗುಣಿಸಿದರೆ ಹದಿಮೂರು ಅಂಕಿಯ ಸಂಖ್ಯೆ. ಹತ್ತು ಅಂಕಿ ಮಾತ್ರ ಉಳಿಸಿಕೊಳ್ಳುವ ಕ್ಯಾಲ್ಕುಲೇಟರ್ ಕೊನೆಯ ಮೂರನ್ನು ಬಿಡುತ್ತದೆ. ಬಿಟ್ಟಿದ್ದು ಸಾವಿರ ಚದರ ಮೀಟರ್‌ವರೆಗೆ, ಹತ್ತಿರ ಹತ್ತಿರ ಹತ್ತು ಗುಂಟೆ! ಮೊದಲು ಎಲ್ಲಾ ಮೂಲೆಗಳಿಂದ ಒಂದು ಮೂಲೆಯ ಅಂಕಿಯನ್ನು ಕಳೆದುಬಿಟ್ಟರೆ ಸಣ್ಣ ಸಂಖ್ಯೆಗಳು ಉಳಿಯುತ್ತವೆ. ಆಮೇಲೆ ಯಾವ ಯಂತ್ರವಾದರೂ ನಡೆಯುತ್ತದೆ.

ರೌಂಡಿಂಗ್ ವೇಷ ಹಾಕಿಕೊಂಡು ಬರುವವರು

"ಅದೇನಿಲ್ಲ, ರೌಂಡಿಂಗ್ ವ್ಯತ್ಯಾಸ" ಅನ್ನುವ ಮಾತು ಬಹಳ ಅನುಕೂಲದ ಮಾತು. ಅದರ ಹಿಂದೆ ಬೇರೆಯವೂ ಅಡಗಿಕೊಳ್ಳುತ್ತವೆ.

ಜಗ್ಗಿದ ಸರಪಳಿ ಒಂದು. ವರ್ಷಗಟ್ಟಲೆ ಎಳೆದೂ ಎಳೆದೂ 33 ಅಡಿಯದ್ದು ಎರಡು ಇಂಚು ಉದ್ದ ಆಯಿತು ಅಂದುಕೊಳ್ಳಿ. ಉದ್ದದಲ್ಲಿ ಅರ್ಧ ಪರ್ಸೆಂಟ್, ವಿಸ್ತೀರ್ಣದಲ್ಲಿ ಒಂದು ಪರ್ಸೆಂಟ್ ಕಡಿಮೆ ತೋರಿಸುತ್ತದೆ. ಎಕರೆಗೆ ಆರು ಆಣೆಗೂ ಮೇಲೆ. ಇದು ಒಂದು ಹೊಲದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಮ್ಮಿ ಅಂತ ಬರುವುದಿಲ್ಲ. ಆ ಸರಪಳಿ ಹೋದ ಹೊಲದಲ್ಲೆಲ್ಲಾ ಕಮ್ಮಿಯೇ.

ಮಲೆನಾಡಿನ ಇಳಿಜಾರು ಇನ್ನೊಂದು. ಸರ್ವೆಯ ವಿಸ್ತೀರ್ಣ ಸಮತಟ್ಟಿನ ಲೆಕ್ಕ. ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದರೆ ನೆಲ ಜಾಸ್ತಿ ಕಾಣುತ್ತದೆ. ಹತ್ತು ಡಿಗ್ರಿ ಇಳಿಜಾರಿಗೇ ಒಂದೂವರೆ ಪರ್ಸೆಂಟ್. ತೋಟದ ಯಜಮಾನರು ಟೇಪು ಹಿಡಿದು "ನಮ್ಮದು ಜಾಸ್ತಿ ಇದೆ" ಅನ್ನುವುದು ಎಷ್ಟೋ ಸಲ ಇದಕ್ಕೇ.

ನಕ್ಷೆಯ ಜಾಲದ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಚೌಕುಳಿ ಗೆರೆಗಳ) ಅಳತೆಗೂ ನೆಲದ ಅಳತೆಗೂ ಕೂಡ ಚೂರು ವ್ಯತ್ಯಾಸ ಇದೆ. ಉಪಗ್ರಹದ ಅಳತೆಯಲ್ಲಿ ಹೆಚ್ಚಾಗಿ ಬಳಸುವ ಯುಟಿಎಂ ಜಾಲದ ನಡುಗೆರೆ ನಮ್ಮಲ್ಲಿ 75 ಡಿಗ್ರಿ ಪೂರ್ವ ರೇಖಾಂಶ. ಅದು ಧಾರವಾಡದ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ಜಾಲದ ಉದ್ದ ಹತ್ತು ಸಾವಿರಕ್ಕೆ ನಾಲ್ಕರಷ್ಟು ಕಡಿಮೆ, ಎಕರೆಗೆ ಅರ್ಧ ಆಣೆ. ಬೆಂಗಳೂರಿಗೆ ಬಂದರೆ ಇದು ತಿರುಗುಮುರುಗಾಗಿ ಜಾಲದ ಉದ್ದವೇ ಸ್ವಲ್ಪ ಜಾಸ್ತಿ. ಒಂದು ಎಕರೆಗೆ ತಲೆ ಕೆಡಿಸಿಕೊಳ್ಳುವುದು ಬೇಡ. ನೂರು ಎಕರೆ ಆದರೆ ಧಾರವಾಡದಲ್ಲಿ ಮೂರು ಗುಂಟೆ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಮಣ್ಣೆರಚುವುದು ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಅಂತ ಬೇರೆ ಇಟ್ಟ ನೆಲ. ಆಕಾರಬಂದಿನಲ್ಲಿ ಒಟ್ಟು 4 ಎಕರೆ 10 ಗುಂಟೆ, ಅದರಲ್ಲಿ 5 ಗುಂಟೆ ಖರಾಬು. ಒಬ್ಬರ ಪಹಣಿಯಲ್ಲಿ ಖರಾಬು ಸೇರಿಸಿ ಬರೆದಿದ್ದಾರೆ, ಇನ್ನೊಬ್ಬರದರಲ್ಲಿ ಬಿಟ್ಟು ಬರೆದಿದ್ದಾರೆ. ಕೂಡಿದಾಗ ತಾಳೆ ಆಗದು. ಇಂಥ ಕಡೆ ವ್ಯತ್ಯಾಸ ಇಡೀ ಗುಂಟೆಗಳಲ್ಲಿ, ಯಾವುದೋ ಒಂದು ದಾಖಲೆಯ ಅಂಕಿಗೆ ಸರಿಯಾಗಿ ಹೊಂದುತ್ತದೆ. ರೌಂಡಿಂಗ್ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

ಕ್ರಯಪತ್ರದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ (ನಾಲ್ಕೂ ದಿಕ್ಕಿನ ಗಡಿ ವಿವರ) ತಾಳೆ ಇಲ್ಲದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆ ವಾಲುತ್ತವೆ. ಅಂಕಿಗೆ ಅಗಲ ಇದೆ, ಪೂರ್ವಕ್ಕೆ ಹಳ್ಳ ಅಂದರೆ ಹಳ್ಳವೇ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾರುವಾಗ 11ಇ ನಕ್ಷೆ ಕೇಳುವುದೂ ಮಾರುವ ತುಂಡು ನೆಲದ ಮೇಲೆ ಎಲ್ಲಿದೆ ಅಂತ ಮೊದಲೇ ಗೆರೆ ಎಳೆಯಲಿಕ್ಕೆ.

ಉಳಿಕೆ ಯಾರಿಗೆ?

ಮತ್ತೆ ಅಣ್ಣತಮ್ಮಂದಿರ ಹತ್ತಿರ ಬರೋಣ. ಮೊದಲು ಮೊತ್ತ ಕಟ್ಟಿಹಾಕಿ: 170 ಗುಂಟೆ, ಅಂದರೆ 2,720 ಆಣೆ. ಇದು ಕದಲಬಾರದು. ತಲಾ ಪಾಲು ತೆಗೆದು ಚಿಲ್ಲರೆ ಬಿಡಿ: 906 ಆಣೆ. ಮೂರು ಸಲ ಕೂಡಿದರೆ 2,718. ಉಳಿದದ್ದು ಎರಡು ಆಣೆ. ಅದನ್ನು ಇಬ್ಬರಿಗೆ ಒಂದೊಂದು ಕೊಡಿ. ಇಬ್ಬರಿಗೆ 1 ಎಕರೆ 16 ಗುಂಟೆ 11 ಆಣೆ, ಒಬ್ಬರಿಗೆ 1 ಎಕರೆ 16 ಗುಂಟೆ 10 ಆಣೆ. ಕೂಡಿ ನೋಡಿ, ಸರಿಯಾಗಿ 4 ಎಕರೆ 10 ಗುಂಟೆ.

ಪಾಲು ಸಮ ಇಲ್ಲದಿದ್ದರೂ ಇದೇ ದಾರಿ. ಒಂದು ಎಕರೆಯನ್ನು 5, 4, 2ರ ಪ್ರಮಾಣದಲ್ಲಿ ಹಂಚಬೇಕು ಅಂದುಕೊಳ್ಳಿ. 640 ಆಣೆಯಲ್ಲಿ 290.91, 232.73, 116.36 ಬರುತ್ತದೆ. ಚಿಲ್ಲರೆ ಬಿಟ್ಟರೆ 638, ಎರಡು ಆಣೆ ಉಳಿಯಿತು. ಯಾರ ಚಿಲ್ಲರೆ ದೊಡ್ಡದೋ ಅವರಿಗೆ ಮೊದಲು: 291, 233, 116. ಇಲ್ಲಿ ಯಾರಿಗೆ ಕೊಡಬೇಕು ಅಂತ ಲೆಕ್ಕವೇ ಹೇಳುತ್ತದೆ. ಸಮ ಪಾಲಿನಲ್ಲಿ ಮೂವರ ಚಿಲ್ಲರೆಯೂ ಒಂದೇ, ಲೆಕ್ಕ ಬಾಯಿ ಮುಚ್ಚಿಕೊಳ್ಳುತ್ತದೆ. ಮನುಷ್ಯರೇ ಮಾತಾಡಬೇಕು. ಚೀಟಿ ಎತ್ತಿ. ಇಲ್ಲವೇ ರಸ್ತೆ ಪಕ್ಕದ ಪಾಲು ಸಿಕ್ಕವನಿಗೆ 10 ಆಣೆ ಅನ್ನಿ. ಏನು ಮಾಡಿದರೂ ಅದನ್ನು ಪತ್ರದಲ್ಲಿ ಒಂದು ಸಾಲು ಬರೆಯಿರಿ. ಮೂವತ್ತು ವರ್ಷ ಆದ ಮೇಲೆ ಪೋಡಿಗೆ (ಪಾಲುಗಳನ್ನು ಅಳೆದು ಬೇರೆ ಮಾಡಲು) ಬಂದವರಿಗೆ ಈ ಒಂದು ಆಣೆ ಯಾಕೆ ಕಮ್ಮಿ ಅಂತ ಗೊತ್ತಾಗಬೇಕಲ್ಲ.

ನೆಲದ ಮೇಲೆ ಈ ತಾಪತ್ರಯವೇ ಇಲ್ಲ ಅನ್ನುವುದನ್ನೂ ಮರೆಯಬೇಡಿ. ಹೊಲ ಆಯತಾಕಾರವಾಗಿದ್ದು ಒಂದು ಬದಿ 330 ಅಡಿ ಇದ್ದರೆ 110, 220 ಅಡಿಗೆ ಕಲ್ಲು ನೆಡಬಹುದು. ಮೂರು ಪಾಲೂ ಸಮ. ಆಣೆಗೆ ನಿಲ್ಲಿಸಬೇಕಾದದ್ದು ಕಾಗದದ ಕಷ್ಟ ಮಾತ್ರ.

ಕಲ್ಲನ್ನೂ ಆಣೆ ಲೆಕ್ಕಕ್ಕೇ ನೆಟ್ಟಾಗಿದ್ದರೆ, 10 ಆಣೆ ಬಂದವನಿಗೆ ದುಡ್ಡಿನಲ್ಲಿ ಸರಿದೂಗಿಸಬಹುದು. ಅವನಿಗೆ ಸಾಲದೇ ಬಂದದ್ದು ಒಂದು ಆಣೆಯ ಮೂರನೇ ಎರಡು ಭಾಗ. ಆ ಊರಿನಲ್ಲಿ ಗುಂಟೆಗೆ ಎರಡು ಲಕ್ಷ ಅಂದುಕೊಳ್ಳಿ, ಆಣೆಗೆ 12,500 ರೂಪಾಯಿ. ಅವನಿಗೆ ಬರಬೇಕಾದದ್ದು 8,333 ರೂಪಾಯಿ ಚಿಲ್ಲರೆ. ಇಬ್ಬರು ಸೇರಿ ಕೊಡಬೇಕು. ಒಬ್ಬ 4,167, ಇನ್ನೊಬ್ಬ 4,166. ಆ ಒಂದು ರೂಪಾಯಿ ಯಾರು ಜಾಸ್ತಿ ಕೊಡಬೇಕು ಅಂತ ಅವರವರೇ ಮಾತಾಡಿಕೊಳ್ಳಲಿ.